1923ರಲ್ಲಿ ಕ್ಲೈಮೇಟ್ ಚೇಂಜ್ ಇತ್ತಾ?

ಭಾಗ 1

ಫೋಟೋದಲ್ಲಿರೋದು ಪಾಣೆಮಂಗಳೂರಿನ ಹತ್ತಿರ ನಮ್ಮ ನೇತ್ರಾವತಿ. ಎಷ್ಟು ಪಾಪದ ಹಾಗೆ ಹರೀತಾ ಉಂಟು ನೋಡಿ. ಇದೇ ನದಿ ಮನೆ ಅಂಗಳಕ್ಕೆ ಬರ್ತದೆ ಅಂದ್ರೆ ಹೊರಗಿನವರು ನಂಬುವುದಿಲ್ಲ.

2019ರ ಆಗಸ್ಟ್‌ನಲ್ಲಿ ಬಂತು. ನಾನಾಗ ಹೈಸ್ಕೂಲು. ಬಂಟ್ವಾಳದಲ್ಲಿ ನದಿಯ ಅಪಾಯದ ಮಟ್ಟ 8.5 ಮೀಟರ್. ನೀರು ಅದನ್ನು ದಾಟಿ ಪೇಟೆಯ ತಗ್ಗು ಜಾಗಕ್ಕೆಲ್ಲ ನುಗ್ಗಿತು. ಅದೇ ದಿನಗಳಲ್ಲಿ ಮೇಲೆ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಕಡೆ ಗುಡ್ಡ ಜರಿದು ಹೊಳೆಯಲ್ಲಿ ನೀರಿನ ಜೊತೆ ಮರ, ಕಲ್ಲು, ಮರಳು ಎಲ್ಲ ಇಳಿದು ಬಂತು. ಚಾರ್ಮಾಡಿ ಘಾಟಿ ಬಂದ್. ಈಗ ಮೂಡುಬಿದಿರೆಯಲ್ಲಿ ನನ್ನ ಜೊತೆ ಬಿ.ಕಾಂ. ಓದುವ ಒಬ್ಬಳು ಆ ಕಡೆಯವಳು. ಅವರ ಅಡಿಕೆ ತೋಟದ ಮೇಲೆ ಮರಳು ಬಿದ್ದು, ಮರಗಳ ಬುಡವೇ ಕಾಣದ ಹಾಗೆ ಆಗಿತ್ತಂತೆ.

ಕಳೆದ ತಿಂಗಳು ಮನೆಯಲ್ಲಿ ಒಂದು ಪೂಜೆ. ಊಟ ಆಗಿ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಮಳೆಯ ಮಾತು ಬಂತು. ನಾನು ಸ್ವಲ್ಪ ಜಾಸ್ತಿಯೇ ಗೊತ್ತಿದ್ದವರ ಹಾಗೆ, "2019ರದ್ದು ಕ್ಲೈಮೇಟ್ ಚೇಂಜ್" ಅಂದುಬಿಟ್ಟೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ್ರು: "1923ರಲ್ಲಿ ಇದಕ್ಕಿಂತ ದೊಡ್ಡ ನೆರೆ ಬಂದಿತ್ತು. ಆಗ ಊರಲ್ಲಿ ಯಾರ ಹತ್ರ ಕಾರಿತ್ತು? ಆಗ ಇತ್ತಾ ನಿನ್ನ ಕ್ಲೈಮೇಟ್ ಚೇಂಜ್?"

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. "ಅಜ್ಜ, ವಾಟ್ಸಾಪ್ ಯೂನಿವರ್ಸಿಟಿ ಬಿಟ್ಟು ಹೊರಗೆ ಬನ್ನಿ" ಅಂದೆ. ಈ ಸಲ ಇನ್ನೂ ಜೋರಾಗಿ ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ಎದ್ದು ಒಳಗೆ ಹೋದರು.

ಅಜ್ಜನ ಹತ್ರ ವಾಟ್ಸಾಪ್ ಇಲ್ಲ. ಅವರದ್ದು ಬಟನ್ ಫೋನ್.

ಆವತ್ತು ರಾತ್ರಿ ಕೂತು ಯೋಚಿಸಿದಾಗ ಹೊಳೆದದ್ದು, ಅವರ ಪ್ರಶ್ನೆಗೆ ನನ್ನ ಹತ್ರ ಉತ್ತರವೇ ಇರಲಿಲ್ಲ. ಇಲ್ಲದ್ದಕ್ಕೇ ತಮಾಷೆ ಮಾಡಿದ್ದು. ಈ ಸೀರೀಸ್ ಆ ಉತ್ತರ ಹುಡುಕಿದ ಕಥೆ. ಉದ್ದ ಉಂಟು. ಬಸ್ಸಲ್ಲಿ ಓದಿ.

ಭಾಗ 2

ಮೊದಲು ಅಜ್ಜನ ಕಡೆಯ ಸಾಕ್ಷಿ.

ತುಳುವಿನಲ್ಲಿ ಬೊಳ್ಳ ಅಂದ್ರೆ ನೆರೆ. 1923ರದ್ದು ನಮ್ಮ ಕಡೆ ಮಾರಿಬೊಳ್ಳ. ನೇತ್ರಾವತಿ ದಂಡೆಯ ಹಳೆಯ ಮನೆಗಳಲ್ಲಿ ಕಾಲವನ್ನೇ ಅದರಿಂದ ಲೆಕ್ಕ ಹಾಕ್ತಿದ್ರು, "ಬೊಳ್ಳಕ್ಕಿಂತ ಮೊದಲು ಹುಟ್ಟಿದವ, ಬೊಳ್ಳದ ನಂತರ ಮದುವೆಯಾದವಳು" ಅಂತ. ಮರುವರ್ಷ, 1924ರಲ್ಲಿ, ಕೇರಳದ ಮಹಾನೆರೆ ಮತ್ತು ಕಾವೇರಿಯ ನೆರೆ. ಆಮೇಲೆ ನಮ್ಮ ಕಡೆ ದೊಡ್ಡದು ಅಂದ್ರೆ 1974. ಆಗ ಅಜ್ಜನಿಗೆ ಇಪ್ಪತ್ತೇಳು. ಆ ಮಳೆಗಾಲದಲ್ಲಿ ಹಳೆ ಮನೆಯ ಮಣ್ಣಿನ ಗೋಡೆ ಕರಗಿ ಕೂತಿತು.

ಹೊಸ ಮನೆ ಕಟ್ಟುವಾಗ ಅಜ್ಜ ತನ್ನ ಅಪ್ಪನನ್ನು ಕೇಳಿದ್ರಂತೆ, 1923ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ. ಅವರು ದರೆಯ ಮೇಲೆ ಒಂದು ಜಾಗ ತೋರಿಸಿದ್ರು. ಅದಕ್ಕಿಂತ ಮೇಲೆ ಬರುವ ಹಾಗೆ ಪಂಚಾಂಗ ಎತ್ತರಿಸಿ ಕಟ್ಟಿದ್ದು ಈಗಿನ ಮನೆ. 2019ರಲ್ಲಿ ನೀರು ಅಂಗಳದವರೆಗೆ ಬಂತು, ಮೆಟ್ಟಿಲು ಹತ್ತಲಿಲ್ಲ.

ಹಾಗಾಗಿ ಅಜ್ಜನ ಸಂಶಯ ಬಾಯಿಮಾತಿನದ್ದಲ್ಲ ಮಾರಾಯ್ರೆ. ಅದರ ಮೇಲೆ ಅವರು ಮನೆಯನ್ನೇ ಕಟ್ಟಿದ್ದಾರೆ. ಮನೆ ನಿಂತಿದೆ ಕೂಡ.

ಆಡಿಟಿಂಗ್ ಪೇಪರ್‌ನಲ್ಲಿ ಒಂದು ಪದ ಬರ್ತದೆ, ಪ್ರೊಫೆಷನಲ್ ಸ್ಕೆಪ್ಟಿಸಿಸಂ. ಎಸ್‌ಎ 200ರಲ್ಲಿ ಉಂಟು, ಎರಡು ಮಾರ್ಕಿಗೆ ಕೇಳ್ತಾರೆ. ಕಂಪನಿಯವರು ಹೇಳಿದ್ದನ್ನೆಲ್ಲ ಹಾಗೇ ನಂಬಬಾರದು, ವೋಚರ್ ತೋರಿಸಿ ಅಂತ ಕೇಳಬೇಕು. ಇಷ್ಟು ಎಲ್ಲರೂ ಬರೆದು ಬರ್ತೇವೆ. ಆದ್ರೆ ಇನ್ನೊಂದು ಅರ್ಧ ಉಂಟು. ಸರಿಯಾದ ವೋಚರ್ ಬಂದ ಮೇಲೂ "ನನಗ್ಯಾಕೋ ಸಂಶಯ" ಅಂತ ಕೂತರೆ ಅದು ಆಡಿಟ್ ಅಲ್ಲ. ಹವಾಮಾನದ ಇತಿಹಾಸ ಓದುವಾಗ ನಾನು ಹಿಡಿದುಕೊಂಡದ್ದು ಇದನ್ನೇ. ಸಂಶಯ ಪಟ್ಟವರು ಯಾರು, ಅವರು ಯಾವ ವೋಚರ್ ಕೇಳಿದ್ರು, ಅದು ಬಂದ ಮೇಲೆ ಏನಾಯ್ತು?

ಭಾಗ 3

ಈ ಫೋಟೋ ಬೆಳ್ತಂಗಡಿ ಕಡೆಯಿಂದ ಕಾಣುವ ಘಟ್ಟ. ಬಲಗಡೆ ಮೋಡ ಮುಚ್ಚಿರುವಲ್ಲಿ ಕುದುರೆಮುಖದ ಸಾಲು.

"ಮನುಷ್ಯ ಹವಾಮಾನವನ್ನು ಕೆಡಿಸ್ತಾ ಇದ್ದಾನೆ" ಅನ್ನುವ ಮಾತು ನಾವು ಹುಟ್ಟಿದ ಮೇಲೆ ಶುರುವಾದದ್ದು ಅಂತ ನಾನು ತಿಳ್ಕೊಂಡಿದ್ದೆ. ಅಲ್ಲ. ಈ ಘಟ್ಟದ ಬುಡದಲ್ಲೇ ಅದಕ್ಕೆ ನೂರೆಪ್ಪತ್ತು ವರ್ಷ ಮೇಲಾಯ್ತು.

ಹ್ಯೂ ಕ್ಲೆಗ್‌ಹಾರ್ನ್ ಅಂತ ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಡಾಕ್ಟರ್. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ. ರೋಗಿಗಳಿಗಿಂತ ಗಿಡಮರಗಳ ಮೇಲೆ ಅವನಿಗೆ ಹೆಚ್ಚು ಪ್ರೀತಿ, ಇಲ್ಲಿನ ಚಿತ್ರಕಾರರಿಂದ ಗಿಡಗಳ ಚಿತ್ರ ಬರೆಸ್ತಿದ್ದ. ಉಷ್ಣವಲಯದ ಕಾಡು ಕಡಿದರೆ ಏನಾಗ್ತದೆ ಅಂತ ಬ್ರಿಟಿಷ್ ವಿಜ್ಞಾನಿಗಳ ಸಂಘ ಒಂದು ಸಮಿತಿ ಮಾಡಿದಾಗ, 1851ರ ವರದಿಯ ಹಿಂದೆ ಇದ್ದದ್ದು ಇವನೇ. ಕಾಡು ಹೋದರೆ ತೊರೆ ಬತ್ತುತ್ತದೆ, ಮಳೆ ಕಡಿಮೆಯಾಗ್ತದೆ ಅನ್ನುವುದು ಆ ಕಾಲದ ದೊಡ್ಡ ಚರ್ಚೆ. ಮದ್ರಾಸಿನಲ್ಲಿ ಎಡ್ವರ್ಡ್ ಬಾಲ್ಫರ್ ಅನ್ನುವ ಇನ್ನೊಬ್ಬ ಡಾಕ್ಟರ್ ಕೂಡ ಮರಕ್ಕೂ ಮಳೆಗೂ ಇರುವ ಸಂಬಂಧದ ಬಗ್ಗೆ ಬರೆದ.

1856ರಲ್ಲಿ ಕ್ಲೆಗ್‌ಹಾರ್ನ್ ಮದ್ರಾಸ್ ಪ್ರೆಸಿಡೆನ್ಸಿಯ ಕಾಡುಗಳ ಮೊದಲ ಕನ್ಸರ್ವೇಟರ್ ಆದ. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಅವನ ಕಣ್ಣಿಗೆ ದೊಡ್ಡ ಶತ್ರು ಕುಮ್ರಿ. (ಕುಮ್ಕಿ ಅಲ್ಲ! ಕುಮ್ಕಿ ಅಂದ್ರೆ ವರ್ಗ ಜಾಗಕ್ಕೆ ತಾಗಿಕೊಂಡದ್ದು, ಈಗಲೂ ಎಲ್ಲರೂ ಕಚೇರಿಗೆ ಅಲೀತಾರಲ್ಲ, ಅದು. ಕುಮ್ರಿ ಅಂದ್ರೆ ಗುಡ್ಡದಲ್ಲಿ ಕಾಡು ಸವರಿ, ಸುಟ್ಟು, ಒಂದೆರಡು ವರ್ಷ ಬೆಳೆ ತೆಗೆದು, ಮತ್ತೆ ಬೇರೆ ಕಡೆ ಹೋಗುವ ಬೇಸಾಯ.) 1860ರಲ್ಲಿ ಮದ್ರಾಸ್ ಸರಕಾರ ಕುಮ್ರಿಗೆ ಕಡಿವಾಣ ಹಾಕಿತು.

ಮಳೆ ಕಡಿಮೆಯಾಗ್ತದೆ ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಸಾಗುವಾನಿ ಬೇಕಿತ್ತು, ರೈಲಿನ ಸ್ಲೀಪರಿಗೆ ಮರ ಬೇಕಿತ್ತು, ಅದೂ ಕಾರಣ. ಗುಡ್ಡದ ಬಡವ ಒಂದು ಎಕರೆ ಸುಟ್ಟರೆ ಹವಾಮಾನ ಕೆಡ್ತದೆ, ಸರಕಾರ ಸಾವಿರ ಮರ ಕಡಿದರೆ ಅದು ಆದಾಯ. ಕುಮ್ರಿ ಮಾಡುವವರ ಜಾಗದಲ್ಲಿ ನೀವಿದ್ದಿದ್ರೆ "ಹವಾಮಾನ" ಅನ್ನುವ ಪದವನ್ನು ನಂಬ್ತಿದ್ರಾ?

ಕುಮ್ರಿಯಿಂದ ಕಾಡಿಗೆ ಏನೂ ಆಗ್ಲಿಲ್ಲ ಅಂತ ನಾನು ಹೇಳುವುದಲ್ಲ. ಆದ್ರೆ ಮಳೆಗೂ ಕುಮ್ರಿಗೂ ಸಂಬಂಧ ಉಂಟು ಅನ್ನುವ ವೋಚರ್ ಆಗ ಯಾರ ಹತ್ತಿರವೂ ಇರಲಿಲ್ಲ. ದೇಶದ ಉದ್ದಗಲಕ್ಕೂ ದಶಕಗಟ್ಟಲೆ ಮಳೆ ಅಳೆದ ದಾಖಲೆ ಇರಲಿಲ್ಲ. ಸಹಿ ಮೊದಲು ಬಿತ್ತು, ಲೆಕ್ಕ ಆಮೇಲೆ.

ಭಾಗ 4

ಆ ಲೆಕ್ಕ ಮಾಡಿದವ ಗಿಲ್ಬರ್ಟ್ ವಾಕರ್. ಈ ಮನುಷ್ಯ ನನಗೆ ಭಾರಿ ಇಷ್ಟ ಆಯ್ತು.

ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. 1904ರಲ್ಲಿ ಅದರ ಮುಖ್ಯಸ್ಥನಾಗಿ ವಾಕರ್ ಬಂದ, ಕೇಂಬ್ರಿಡ್ಜಿನ ಗಣಿತಜ್ಞ. ಬೂಮರಾಂಗ್ ಹುಚ್ಚು ಎಷ್ಟಿತ್ತು ಅಂದ್ರೆ ಗೆಳೆಯರು ಅವನನ್ನು ಬೂಮರಾಂಗ್ ವಾಕರ್ ಅಂತಲೇ ಕರೀತಿದ್ರು. ಇನ್ನೊಂದು ವಿಷಯ, 1913ರಲ್ಲಿ ಶ್ರೀನಿವಾಸ ರಾಮಾನುಜನ್ ಅವರಿಗೆ ಸ್ಕಾಲರ್‌ಶಿಪ್ ಕೊಡಿ ಅಂತ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕಾಗದ ಬರೆದವರಲ್ಲಿ ವಾಕರ್ ಒಬ್ಬ.

ಅವನು ಬರುವ ಹೊತ್ತಿಗೆ ದೇಶ ಕೆಟ್ಟ ಬರಗಾಲಗಳನ್ನು ಕಂಡಿತ್ತು. 1895ರ ನಂತರ ವಾಯವ್ಯ ಭಾರತದಲ್ಲಿ ಮಳೆ ಸತತವಾಗಿ ಕಡಿಮೆ. "ಕಾಡು ಕಡಿದದ್ದರಿಂದ", "ಕಾಲುವೆ ನೀರಾವರಿಯಿಂದ" ಅಂತ ಎಲ್ಲರೂ ಹೇಳ್ತಿದ್ರು. ಹವಾಮಾನ ಶಾಶ್ವತವಾಗಿ ಬದಲಾಯ್ತು ಅನ್ನುವುದು ಆಗಿನ ಜನರ ನಂಬಿಕೆ.

ವಾಕರ್ ಅಲ್ಲಿಯವರೆಗೆ ಸೇರಿದ ಮಳೆ ದಾಖಲೆಗಳನ್ನೆಲ್ಲ ಹರಡಿಕೊಂಡು ಕೂತ. 1910ರಲ್ಲಿ ಅವನು ಕೊಟ್ಟ ಉತ್ತರ: ಹವಾಮಾನ ಶಾಶ್ವತವಾಗಿ ಬದಲಾಗಿದೆ ಅನ್ನಲಿಕ್ಕೆ ಪುರಾವೆ ಇಲ್ಲ. ಮಳೆ ಕಡಿಮೆಯಾದದ್ದು ನಿಜ, ಆದ್ರೆ ಅದು ತಾತ್ಕಾಲಿಕ ಏರಿಳಿತ.

ಅರ್ಥ ಆಯ್ತಲ್ಲ? 1910ರಲ್ಲಿ ನಮ್ಮ ದೇಶದ ಅತಿದೊಡ್ಡ ಹವಾಮಾನ ತಜ್ಞನೇ ಸ್ಕೆಪ್ಟಿಕ್. ಮತ್ತು ಅವನ ಹತ್ರ ಇದ್ದ ಲೆಕ್ಕಕ್ಕೆ ಅವನ ಉತ್ತರ ಸರಿಯೇ ಇತ್ತು. 1923ರ ಮಾರಿಬೊಳ್ಳಕ್ಕೆ ಹದಿಮೂರು ವರ್ಷ ಮೊದಲಿನ ಮಾತಿದು. ಆ ಬೊಳ್ಳ ಬಂದಾಗಲೂ ಇಲಾಖೆಯ ಮುಖ್ಯಸ್ಥ ವಾಕರನೇ, 1924ರವರೆಗೆ ಇದ್ದ.

ಅವನ ಸಂಶಯ ಅಲ್ಲಿಗೆ ನಿಲ್ಲಲಿಲ್ಲ, ಅದೇ ನನಗೆ ಇಷ್ಟ ಆದದ್ದು. ಕಾಡು ಕಾರಣ ಅಲ್ಲದಿದ್ರೆ ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಯಾಕೆ? ಆಗ ಕಂಪ್ಯೂಟರ್ ಇಲ್ಲ. ಆಫೀಸಿನ ಭಾರತೀಯ ಗುಮಾಸ್ತರೇ ಕೂತು ಪ್ರಪಂಚದ ಬೇರೆಬೇರೆ ಕಡೆಯ ಗಾಳಿಯ ಒತ್ತಡ, ಉಷ್ಣತೆ, ಮಳೆ ಇವುಗಳ ನಡುವೆ ಕೊರಿಲೇಷನ್ ಲೆಕ್ಕ ಹಾಕಿದ್ರು. (ಸ್ಟಾಟಿಸ್ಟಿಕ್ಸ್‌ನಲ್ಲಿ ಹತ್ತು ಸಂಖ್ಯೆಗೆ ಹಾಕುವಾಗಲೇ ನಾವು ಅಳ್ತೇವೆ.) ಅದರಿಂದ ಹೊರಬಂದದ್ದು ಸದರ್ನ್ ಆಸಿಲೇಷನ್. ಟಿವಿಯಲ್ಲಿ "ಎಲ್ ನಿನೋ, ಈ ವರ್ಷ ಮುಂಗಾರು ದುರ್ಬಲ" ಅಂತ ಹೇಳ್ತಾರಲ್ಲ, ಅದರ ಅರ್ಧ ಭಾಗ ವಾಕರನ ಆಫೀಸಿನದ್ದು.

ಭಾಗ 5

ಇದು ಚಿಕ್ಕ ಭಾಗ. ವಾಕರ್ ನೋಡಿದ್ದು ಮಳೆಯ ಲೆಕ್ಕ. ಇನ್ನೊಂದು ಲೆಡ್ಜರ್ ಬೇರೆ ಕಡೆ ತೆರೆದಿತ್ತು.

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದ್ರೆ ಭೂಮಿ ಎಷ್ಟು ಬಿಸಿಯಾಗ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕಿದ. ಹೆಚ್ಚಿನವರು ತಲೆಕೆಡಿಸಿಕೊಳ್ಳಲಿಲ್ಲ. 1938ರಲ್ಲಿ ಇಂಗ್ಲೆಂಡಿನ ಗೈ ಕ್ಯಾಲೆಂಡರ್, ವೃತ್ತಿಯಲ್ಲಿ ಹಬೆಯಂತ್ರದ ಇಂಜಿನಿಯರ್, ಊರೂರಿನ ಉಷ್ಣತೆಯ ದಾಖಲೆ ಸೇರಿಸಿ "ಭೂಮಿ ಈಗಾಗಲೇ ಬಿಸಿಯಾಗ್ತಾ ಉಂಟು, ಕಲ್ಲಿದ್ದಲಿನ ಹೊಗೆ ಒಂದು ಕಾರಣ" ಅಂದ. ಸಭೆಯಲ್ಲಿ ಅವನನ್ನು ಸಂಶಯದಿಂದ ನೋಡಿದವರಲ್ಲಿ ಜಾರ್ಜ್ ಸಿಂಪ್ಸನ್ ಒಬ್ಬ. ಹಿಂದೆ ಶಿಮ್ಲಾದಲ್ಲಿ ವಾಕರನ ಕೈಕೆಳಗೆ ಕೆಲಸ ಮಾಡಿದವನೇ!

ಸಂಶಯ ಪಡಲಿಕ್ಕೆ ಆಗ ಕಾರಣ ಇತ್ತು. ಗಾಳಿಯಲ್ಲಿ ಆ ಅನಿಲ ನಿಜವಾಗಿ ಹೆಚ್ಚಾಗ್ತಾ ಉಂಟಾ ಅಂತಲೇ ಯಾರೂ ಸರಿಯಾಗಿ ಅಳೆದಿರಲಿಲ್ಲ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೀಲಿಕ್ಕೆ ಶುರು ಮಾಡಿದ. ಆಗ ಹತ್ತು ಲಕ್ಷ ಭಾಗದಲ್ಲಿ ಸುಮಾರು 315. ಈಗ 420 ದಾಟಿದೆ. ಅದು ನಮ್ಮದೇ ಹೊಗೆ ಅಂತ ಹೇಗೆ ಗೊತ್ತು? ಕಲ್ಲಿದ್ದಲು, ಪೆಟ್ರೋಲು ಕೋಟಿಗಟ್ಟಲೆ ವರ್ಷ ನೆಲದೊಳಗೆ ಇದ್ದ ಕಾರಣ ಅದರಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ. 1955ರಲ್ಲಿ ಹಾನ್ಸ್ ಸ್ಯೂಸ್, ಗಾಳಿಯಲ್ಲಿ ಅಂಥ ಹಳೆ ಕಾರ್ಬನ್ ಸೇರ್ತಾ ಉಂಟು ಅಂತ ಮರದ ಉಂಗುರಗಳಿಂದ ತೋರಿಸಿದ. ಬಿಲ್ಲಿನ ಮೇಲೆ ಅಂಗಡಿಯ ಸೀಲ್ ಇದ್ದ ಹಾಗೆ.

1910ರ ವಾಕರ್‌ಗೂ 1938ರ ಸಿಂಪ್ಸನ್‌ಗೂ ಈ ವೋಚರ್ ಯಾವುದೂ ಸಿಕ್ಕಿರಲಿಲ್ಲ. ಇವತ್ತು ಸಂಶಯ ಪಡುವವರು ಅವರ ಹೆಸರು ಹೇಳುವಾಗ ಇದನ್ನು ಮರೀಬಾರದು.

ಭಾಗ 6

ಈ ಭಾಗಕ್ಕೆ ಕಾಯ್ತಾ ಇದ್ದೆ. ಫೋಟೋದಲ್ಲಿರೋದು ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿ. ಅದರಲ್ಲಿ ಕಾಣುವುದು ಆರ್ಯಭಟ, 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ. ಅದನ್ನು ಕಟ್ಟಿದ ತಂಡದ ನಾಯಕ ಯು.ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು. 1932ರಲ್ಲಿ ಅವರು ಹುಟ್ಟಿದಾಗ ಉಡುಪಿಯೂ ನಾವೂ ಒಂದೇ ಜಿಲ್ಲೆ. ಉಡುಪಿಯಲ್ಲಿ ಹೈಸ್ಕೂಲು, ಆಮೇಲೆ ಅನಂತಪುರ, ಬನಾರಸ್, ಅಲ್ಲಿಂದ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಪಿಎಚ್.ಡಿ. 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರು.

ಅವರ ಮೊದಲ ಪ್ರೀತಿ ಉಪಗ್ರಹ ಅಲ್ಲ, ಕಾಸ್ಮಿಕ್ ಕಿರಣ. ದೂರದ ನಕ್ಷತ್ರಗಳ ಕಡೆಯಿಂದ ಭೂಮಿಗೆ ಬಂದು ಬಡಿಯುವ ಕಣಗಳು. 2011ರ ಜನವರಿಯಲ್ಲಿ, ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಒಂದು ಲೇಖನ ಬರೆದ್ರು. ಭೂಮಿ ಬಿಸಿಯಾಗ್ತಿರುವುದರಲ್ಲಿ ದೊಡ್ಡ ಪಾಲು ಈ ಕಿರಣಗಳದ್ದು ಇರಬಹುದು ಅಂತ!

ಅವರ ವಾದ ಹೀಗೆ. ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ವಿದ್ಯುತ್ ಇರುವ ಕಣಗಳು ಹುಟ್ಟುತ್ತವೆ. ಅವು ಸಣ್ಣ ಸಣ್ಣ ಬೀಜಗಳಾಗಿ, ಬೀಜಕ್ಕೆ ನೀರಾವಿ ಅಂಟಿ, ಕೆಳಮಟ್ಟದ ಮೋಡ ಆಗ್ತದೆ. ಮೋಡ ಬಿಸಿಲನ್ನು ವಾಪಸ್ ಕಳಿಸ್ತದೆ. ಸುಮಾರು 150 ವರ್ಷದಿಂದ ಕಾಸ್ಮಿಕ್ ಕಿರಣ ಕಡಿಮೆಯಾಗಿದೆ, ಹಾಗಾಗಿ ಮೋಡ ಕಡಿಮೆ, ಬಿಸಿ ಹೆಚ್ಚು. ಮೂಲ ಯೋಚನೆ ಡೆನ್ಮಾರ್ಕಿನ ಹೆನ್ರಿಕ್ ಸ್ವೆನ್ಸ್‌ಮಾರ್ಕ್ ಅವರದ್ದು. ರಾವ್ ಅದಕ್ಕೆ ಅಂಕಿ ಹಾಕಿದ್ರು, ಕಾರ್ಬನ್ ಡೈಆಕ್ಸೈಡ್ ಮಾಡುವ ಪರಿಣಾಮದ ಸುಮಾರು ಶೇ. 60ರಷ್ಟು ಅಂತ. ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ (ಚಿಕ್ಕಮಗಳೂರಿನಲ್ಲಿ ಹುಟ್ಟಿದವರು, ಘಟ್ಟದ ಆಚೆ ಬದಿ) ಇದನ್ನು ಚರ್ಚೆಗೆ ಅಂತ ಬಿಡುಗಡೆ ಮಾಡಿದ್ರು. ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಗಮನಿಸಿ, ರಾವ್ "ಭೂಮಿ ಬಿಸಿಯಾಗ್ತಿಲ್ಲ" ಅನ್ನಲಿಲ್ಲ. "ಹೊಗೆಗೆ ಪಾಲೇ ಇಲ್ಲ" ಅಂತಲೂ ಇಲ್ಲ. ಖರ್ಚನ್ನು ಎರಡು ಖಾತೆಗೆ ಹಂಚಬೇಕು ಅಂದ್ರು, ಯಾವ ಖಾತೆಗೆ ಎಷ್ಟು ಅಂತಲೂ ಹೇಳಿದ್ರು. ಅಂಕಿ ಹಾಕಿದವರನ್ನು ಪರೀಕ್ಷೆ ಮಾಡ್ಲಿಕ್ಕೆ ಆಗ್ತದೆ. "ಎಲ್ಲ ವಿದೇಶಿ ಪಿತೂರಿ" ಅನ್ನುವವರನ್ನು ಹೇಗೆ ಪರೀಕ್ಷೆ ಮಾಡೋದು ಹೇಳಿ?

ಪರೀಕ್ಷೆ ಆಯ್ತು. ಜಿನೀವಾ ಹತ್ತಿರದ ಸರ್ನ್‌ನಲ್ಲಿ ಕ್ಲೌಡ್ ಅನ್ನುವ ಪ್ರಯೋಗ. ದೊಡ್ಡ ಉಕ್ಕಿನ ಪಾತ್ರೆಯೊಳಗೆ ಶುದ್ಧ ಗಾಳಿ ತುಂಬಿ, ಕಾಸ್ಮಿಕ್ ಕಿರಣದಂಥ ಕಣಗಳನ್ನು ಹಾಯಿಸಿ, ಮೋಡದ ಬೀಜ ಎಷ್ಟು ಹುಟ್ಟುತ್ತದೆ ಅಂತ ಎಣಿಸಿದ್ರು. 2011ರ ಮೊದಲ ಫಲಿತಾಂಶದಲ್ಲಿ ಕಿರಣದಿಂದ ಬೀಜ ಹೆಚ್ಚಾಗುವುದು ನಿಜ ಅಂತ ಬಂತು. ಆದ್ರೆ ಹುಟ್ಟಿದ ಬೀಜವೆಲ್ಲ ಮೋಡ ಹಿಡಿಯುವಷ್ಟು ದೊಡ್ಡದಾಗಬೇಕಲ್ಲ. 2016ರಲ್ಲಿ ಅದೇ ಪ್ರಯೋಗದ ಅಳತೆಗಳನ್ನು ಇಡೀ ಭೂಮಿಗೆ ಅನ್ವಯಿಸಿ ನೋಡಿದಾಗ, ಕಿರಣದ ಏರಿಳಿತದಿಂದ ಇವತ್ತಿನ ಹವಾಮಾನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ ಅಂತ ಕಂಡಿತು. ಇನ್ನೊಂದು ಸಾಕ್ಷಿ ಆಕಾಶದಲ್ಲೇ ಇತ್ತು. 2009ರ ಹೊತ್ತಿಗೆ ಸೂರ್ಯ ತುಂಬಾ ಮಂಕಾಗಿ, ಬಾಹ್ಯಾಕಾಶ ಯುಗದಲ್ಲೇ ಅತಿ ಹೆಚ್ಚು ಕಾಸ್ಮಿಕ್ ಕಿರಣ ದಾಖಲಾಗಿತ್ತು. ವಾದದ ಪ್ರಕಾರ ಭೂಮಿ ತಂಪಾಗಬೇಕಿತ್ತು. 2010, ಅಲ್ಲಿಯವರೆಗಿನ ಅತಿ ಬಿಸಿಯ ವರ್ಷಗಳ ಸಾಲಿಗೆ ಸೇರಿತು.

ರಾವ್ ತೀರಿಕೊಂಡದ್ದು 2017ರ ಜುಲೈ 24ಕ್ಕೆ. ನಮ್ಮವರು, ಇಷ್ಟು ದೊಡ್ಡ ವಿಜ್ಞಾನಿ, ಈ ಒಂದು ವಿಷಯದಲ್ಲಿ ಅವರ ಲೆಕ್ಕ ನಿಲ್ಲಲಿಲ್ಲ ಅಂತ ಬರೀಲಿಕ್ಕೆ ನನಗೆ ಬೇಸರವೇ. ಆದ್ರೆ ಅದಮಾರಿನವರು ಅಂತ ವೋಚರ್ ಇಲ್ಲದೆ ಪಾಸ್ ಮಾಡಿದ್ರೆ ಅವರಿಗೇ ಅವಮಾನ.

ಭಾಗ 7

"ಹಾಗಾದ್ರೆ ಸ್ಕೆಪ್ಟಿಕ್‌ಗಳು ಯಾವಾಗಲೂ ಸೋಲ್ತಾರೆ" ಅಂತ ಒಬ್ಬರು ಆರನೇ ಭಾಗಕ್ಕೆ ಕಮೆಂಟ್ ಹಾಕಿದ್ದೀರಿ. ಇಲ್ಲ.

ಹವಾಮಾನದ ಬಗ್ಗೆ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ. ಅದರ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಅಂತ ಒಂದು ವಾಕ್ಯ ಇತ್ತು. ಭೂಗರ್ಭ ಸರ್ವೇಕ್ಷಣ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದು ನಿವೃತ್ತರಾದ ವಿ.ಕೆ. ರೈನಾ 2009ರ ನವೆಂಬರ್‌ನಲ್ಲಿ, ನಮ್ಮ ಹಿಮನದಿಗಳ ದಾಖಲೆಯಲ್ಲಿ ಅಂಥ ವೇಗ ಕಾಣುವುದಿಲ್ಲ ಅಂತ ಬರೆದ್ರು. ಇದನ್ನೂ ಹೊರತಂದದ್ದು ಜೈರಾಮ್ ರಮೇಶ್ ಅವರ ಇಲಾಖೆಯೇ. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಇದನ್ನು ಮಾಟಮಂತ್ರದ ವಿಜ್ಞಾನ ಅಂತ ಹೀಯಾಳಿಸಿದ್ರು. ಆಮೇಲೆ, 2010ರ ಜನವರಿಯಲ್ಲಿ ಐಪಿಸಿಸಿಯೇ ಒಪ್ಪಿಕೊಂಡಿತು: ಆ 2035ಕ್ಕೆ ಸರಿಯಾದ ಆಧಾರ ಇರಲಿಲ್ಲ, ವಿಷಾದಿಸುತ್ತೇವೆ ಅಂತ. ಹಿಮನದಿಗಳು ಕರಗ್ತಾ ಇರುವುದು ನಿಜ. ಆ ಇಸವಿ ತಪ್ಪು.

ಪಚೌರಿಯವರ ಮಾತು ಓದಿದಾಗ ನನಗೆ ನೆನಪಾದದ್ದು ನಮ್ಮ ಜಗಲಿ. ವಾಟ್ಸಾಪ್ ಯೂನಿವರ್ಸಿಟಿ ಅಂದೆನಲ್ಲ.

ಭಾಗ 8, ಕೊನೆಯದು

ಈಗ ಅಜ್ಜನ ಪ್ರಶ್ನೆಗೆ ಬರುವ.

ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಭಾರತದ ಹವಾಮಾನದ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಅದರಲ್ಲಿ ಅಜ್ಜ ಗೆಲ್ಲುವ ಒಂದು ಸಾಲು ಉಂಟು. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6 ಕಡಿಮೆಯಾಗಿದೆ, ಎದ್ದು ಕಾಣುವಷ್ಟು ಕಡಿಮೆಯಾದ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು. "ನಮ್ಮ ಕಾಲದ ಮಳೆಯ ಎದುರು ಇದೆಂಥ ಮಳೆ" ಅಂತ ಅಜ್ಜ ಪ್ರತಿ ಜೂನ್‌ನಲ್ಲಿ ಹೇಳ್ತಾರೆ. ವರದಿಯೂ ಆ ಕಡೆಯೇ ವಾಲುತ್ತದೆ.

ಅದೇ ವರದಿಯಲ್ಲಿ ನಾನು ಗೆಲ್ಲುವ ಸಾಲೂ ಉಂಟು. 1901ರಿಂದ 2018ರೊಳಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7 ಹೆಚ್ಚು ನೀರಾವಿ ಹಿಡ್ಕೊಳ್ತದೆ. ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆ 1950ರಿಂದ 2015ರೊಳಗೆ ಸುಮಾರು ಶೇ. 75 ಹೆಚ್ಚಿದೆ. ಒಟ್ಟು ಮಳೆ ಕಡಿಮೆ, ಸುರಿದರೆ ಒಟ್ಟಿಗೇ. ಮಧ್ಯ ಭಾರತದ ಅಂಕಿಯನ್ನು ತಂದು ಬಂಟ್ವಾಳಕ್ಕೆ ಅಂಟಿಸಬಾರದು, ಅಜ್ಜ ತಕ್ಷಣ ಹಿಡೀತಾರೆ. ನಮ್ಮ ಕರಾವಳಿಯ ಬಗ್ಗೆ ಕೊಚ್ಚಿಯ ವಿಜ್ಞಾನಿಗಳಿದ್ದ ಒಂದು ತಂಡ 2022ರಲ್ಲಿ ಬರೆದದ್ದು: ಪಶ್ಚಿಮ ಕರಾವಳಿಯ ಮಳೆಯ ಸ್ವಭಾವವೇ ಬದಲಾಗ್ತಾ ಉಂಟು, ಎತ್ತರಕ್ಕೆ ಬೆಳೆದು ಒಮ್ಮೆಲೇ ಸುರಿಯುವ ಮೋಡಗಳು ಹೆಚ್ಚುತ್ತಿವೆ. 2024ರ ಜುಲೈ 30ರ ವಯನಾಡಿನ ಗುಡ್ಡ ಕುಸಿತದ ಮಳೆಯನ್ನು ಪರೀಕ್ಷೆ ಮಾಡಿದ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ, ಭೂಮಿ ಬಿಸಿಯಾದ ಕಾರಣ ಆ ಮಳೆ ಸುಮಾರು ಶೇ. 10 ಹೆಚ್ಚು ಜೋರಾಯ್ತು ಅಂತ ಅಂದಾಜು ಮಾಡಿತು. ಪರ್ವತ ಪ್ರದೇಶ ಆದ ಕಾರಣ ಲೆಕ್ಕದಲ್ಲಿ ಅನಿಶ್ಚಿತತೆ ಹೆಚ್ಚು ಅಂತಲೂ ಅವರೇ ಹೇಳಿದ್ದಾರೆ.

ಶೇ. 10. ಪೂರ್ತಿ ಅಲ್ಲ, ಸೊನ್ನೆಯೂ ಅಲ್ಲ.

ಅಂದ್ರೆ "2019ರದ್ದು ಕ್ಲೈಮೇಟ್ ಚೇಂಜ್" ಅಂತ ನಾನು ಹೇಳಿದ ರೀತಿಯೇ ತಪ್ಪು. ಒಂದು ಆಕ್ಸಿಡೆಂಟ್ ನೋಡಿ ಇನ್ಶೂರೆನ್ಸ್ ಕಂಪನಿ ಪ್ರೀಮಿಯಂ ಏರಿಸುವುದಿಲ್ಲ, ಎಷ್ಟು ವರ್ಷದಲ್ಲಿ ಎಷ್ಟು ಆಯ್ತು ಅಂತ ನೋಡ್ತದೆ. ನೆರೆ 1923ರಲ್ಲೂ ಬರ್ತದೆ, ಘಟ್ಟ ಮತ್ತು ಅರಬ್ಬಿ ಸಮುದ್ರ ಇರುವವರೆಗೆ ಬರ್ತದೆ. ಆದ್ರೆ ಅಜ್ಜನ ಪ್ರಶ್ನೆಯ ಹಿಂದೆ ಇನ್ನೊಂದು ನಂಬಿಕೆ ಅಡಗಿತ್ತು: 1923ರದ್ದೇ ಗರಿಷ್ಠ, ಅದಕ್ಕಿಂತ ಮೇಲೆ ಬರುವುದಿಲ್ಲ ಅಂತ. ಅದಕ್ಕೆ ಮಾತ್ರ ವೋಚರ್ ಇಲ್ಲ.

ನನ್ನ ಕ್ಲಾಸ್‌ಮೇಟ್‌ನ ಅಪ್ಪನ ಸಂಶಯ ಬೇರೆ ರೀತಿಯದ್ದು. ಕಸ್ತೂರಿರಂಗನ್ ವರದಿ ಗೊತ್ತುಂಟಲ್ಲ, 2013ರದ್ದು. ಯು.ಆರ್. ರಾವ್ ನಂತರ ಇಸ್ರೋ ಅಧ್ಯಕ್ಷರಾದವರೇ ಈ ಕಸ್ತೂರಿರಂಗನ್. ಪಶ್ಚಿಮ ಘಟ್ಟದ ಶೇ. 37ರಷ್ಟನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಬೇಕು ಅಂತ ಹೇಳಿದ್ರು. ಬೆಳ್ತಂಗಡಿ ತಾಲೂಕಿನ ಹಲವು ಹಳ್ಳಿಗಳು ಪಟ್ಟಿಯಲ್ಲಿ ಬಂದವು, ವಿರೋಧವೂ ಬಂತು. ಅವಳ ಅಪ್ಪ ಕೇಳೋದು ಇಷ್ಟೇ: "ಮೇಲೆ ಗುಡ್ಡ ಕಡಿದು ರಸ್ತೆ ಮಾಡಿದವರನ್ನು ಯಾರೂ ಕೇಳಲಿಲ್ಲ. ನಾನು ಒಂದು ದನದ ಕೊಟ್ಟಿಗೆ ಕಟ್ಟಿದ್ರೆ ಹವಾಮಾನ ಕೆಡ್ತದಾ?" ವರದಿಯಲ್ಲಿ ಕೊಟ್ಟಿಗೆಗೆ ನಿಷೇಧ ಇಲ್ಲ, ಅದು ಮುಖ್ಯವಾಗಿ ತಡೆಯಲು ಹೇಳಿದ್ದು ಗಣಿ, ಕ್ವಾರಿ, ಉಷ್ಣ ವಿದ್ಯುತ್, ದೊಡ್ಡ ಕಟ್ಟಡಗಳನ್ನು. ನಾನು ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. ಮೂರನೇ ಭಾಗದ ಕುಮ್ರಿ ನೆನಪು ಮಾಡ್ಕೊಳ್ಳಿ. ಕಾಗದದಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ಕಾಗದ ಹಿಡ್ಕೊಂಡು ಬರುವವರ ಮೇಲೆ ಅವರಿಗೆ ಸಂಶಯ. ಅದನ್ನು ಮಳೆಯ ಅಂಕಿ ತೋರಿಸಿ ಹೋಗಲಾಡಿಸ್ಲಿಕ್ಕೆ ಆಗುವುದಿಲ್ಲ. ಮರಳು ತೆಗೆಸಿದ ಅರ್ಧ ಜಾಗದಲ್ಲಿ ಅವರು ಪುನಃ ಅಡಿಕೆ ನೆಟ್ಟಿದ್ದಾರೆ, ಹೊಳೆ ಬದಿಯ ಅರ್ಧ ಹಾಗೇ ಬಿಟ್ಟಿದ್ದಾರೆ.

ಮೊನ್ನೆ ಭಾನುವಾರ ಅಜ್ಜನ ಹತ್ರ ಕೂತು ಎಂಟೂ ಭಾಗ ಓದಿ ಹೇಳಿದೆ. ಮೊದಲು ತಪ್ಪಾಯ್ತು ಅಂದೆ. "ಆಯ್ತು ಓದು" ಅಂದ್ರು. ವಾಕರ್ ಅವರಿಗೆ ಇಷ್ಟ ಆದ. ಆರನೇ ಭಾಗದಲ್ಲಿ ಎದ್ದು ಹೋಗಿ ಪೆಟ್ಟಿಗೆಯಿಂದ ತಂದದ್ದೇ ಆ ಎರಡು ರೂಪಾಯಿ ನೋಟು, ಅದಕ್ಕೇ ಫೋಟೋ ಆಮೇಲೆ ಬದಲಾಯಿಸಿದೆ. ಎಲ್ಲ ಮುಗಿದ ಮೇಲೆ ಕೇಳಿದ್ರು, "1923ರ ಗುರುತು ನೋಡಿ ನಾನು ಪಂಚಾಂಗ ಎತ್ತರಿಸಿದೆ. ನಿನ್ನ ಲೆಕ್ಕದಲ್ಲಿ ಈಗ ಎಷ್ಟು ಎತ್ತರಿಸಬೇಕು ಮಗಾ?"

ಮಳೆ ಶೇ. 10 ಹೆಚ್ಚಾದ್ರೆ ನದಿ ಶೇ. 10 ಏರ್ತದೆ ಅಂತ ಇಲ್ಲ. ನದಿಯ ಅಗಲ, ಹೂಳು, ಸೇತುವೆ, ಡ್ಯಾಮ್, ಸಮುದ್ರದ ಉಬ್ಬರ, ಎಲ್ಲ ಬೇಕು. "ಗೊತ್ತಿಲ್ಲ ಅಜ್ಜ" ಅಂದೆ. "ಹಾಂ, ಈಗ ಸರಿಯಾಗಿ ಹೇಳಿದೆ" ಅಂದ್ರು. ಆದ್ರೆ ಸಂಜೆ ಜಾಗದ ಕಾಗದ ಇಡುವ ಟ್ರಂಕನ್ನು ಅಟ್ಟಕ್ಕೆ ಹಾಕಿಸಿದ್ರು. ಹೊತ್ತದ್ದು ನಾನೇ, ಭಾರ ಉಂಟು.

ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿ, ಬೆಳ್ತಂಗಡಿ ಕಡೆಯವರಿಗೆ ಒಂದು ಕೆಲಸ. ನಿಮ್ಮ ಮನೆಯ, ಅಂಗಡಿಯ ಗೋಡೆಯಲ್ಲಿ, ದರೆಯಲ್ಲಿ, ಕಟ್ಟೆಯಲ್ಲಿ ನೆರೆ ಎಲ್ಲಿಯವರೆಗೆ ಬಂದಿತ್ತು ಅನ್ನುವ ಗುರುತು ಇದ್ರೆ, ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆದು ಕಳಿಸಿ. ಯಾವ ವರ್ಷದ್ದು, ಯಾರು ಹೇಳಿದ್ದು ಅಂತ ಬರೀರಿ. ಹಿರಿಯರನ್ನು ಕೇಳಿ, ಈ ಮಳೆಗಾಲಕ್ಕೆ ಮೊದಲೇ ಕೇಳಿ. 1923ರದ್ದು ಸಿಕ್ಕಿದ್ರೆ ಅಜ್ಜನಿಗೆ ಮೊದಲು ತೋರಿಸ್ತೇನೆ.